ಜೂಜುವಾಡಿಯ ಮಂಜಿನಲ್ಲಿ ಒಂದು ‘ಬತ್ತೀನಿ’

ಆ ದಿನವೂ ಬೆಳಿಗ್ಗೆ ಎದ್ದವಳು ಮೊದಲು ಹಾಲು ಕಾಯಿಸಿದೆ. ವಿದೇಶಕ್ಕೆ ಹೊರಟವಳಿಗೆ ಹಾಲಿನ ಚಿಂತೆ ಯಾಕೆ ಎಂದು ನಮ್ಮ ಯಜಮಾನರು ಪ್ರತಿ ಸಲವೂ ನಗುತ್ತಾರೆ. ನಾನಿಲ್ಲದಾಗ ಅವರು ಫ್ರಿಜ್ಜಿನ ಬಾಗಿಲು ತೆರೆದು ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತಾರೆ ಎಂಬುದು ನನಗಲ್ಲವೇ ಗೊತ್ತು! ಡಿಕಾಕ್ಷನ್ ಇಳಿಯಲು ಬಿಟ್ಟು, ಮೊಸರಿಗೆ ಹೆಪ್ಪು ಹಾಕಿ, ಅಂಗಳಕ್ಕೆ ನೀರು ಹಾಕಲು ಹೊರಗೆ ಬಂದರೆ ನಮ್ಮದೇ ಗೇಟು ಕಾಣಲಿಲ್ಲ. ಹೊಸೂರಿನವರಿಗೆ ಜನವರಿಯ ಮಂಜು ಹೊಸದಲ್ಲ. ಆದರೆ ಅಂದಿನದು ಬೇರೆಯೇ ಆಗಿತ್ತು. ರಂಗೋಲಿ ಪುಡಿ ಬೆರಳಿಗೇ ಅಂಟಿಕೊಂಡು ಗೆರೆಗಳು ತುಂಡು ತುಂಡಾದವು. ಪೇಪರಿನವನ ಮೋಟಾರ್ ಸೈಕಲ್ಲಿನ ಸದ್ದು ಕಿವಿಯ ಪಕ್ಕದಲ್ಲೇ ಕೇಳಿತು. ಅವನು ಗೇಟಿನ ಹತ್ತಿರ ಕಾಣಿಸಿಕೊಂಡದ್ದು ಎಷ್ಟೋ ಹೊತ್ತಿನ ಮೇಲೆ, ಅದೂ ಇನ್ನೊಂದು ದಿಕ್ಕಿನಿಂದ.

ಇದು ಕಳೆದ ಜನವರಿಯ ಮಾತು. ಅವಲಪಲ್ಲಿಯ ನಮ್ಮ ಬಡಾವಣೆಯಲ್ಲಿ ಎಲ್ಲರೂ ನನ್ನನ್ನು ಗೃಹಿಣಿಯೆಂದೇ ಬಲ್ಲರು, ನಾನೂ ಹಾಗೆಯೇ ಬಲ್ಲೆ. ಯಜಮಾನರಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ತುಮಕೂರು ಕಡೆಯಿಂದ ಬಂದವರು ನಾವು. ಮಕ್ಕಳು ದೊಡ್ಡವರಾದ ಮೇಲೆ, ಬೆಂಗಳೂರಿನಲ್ಲಿ ಸಣ್ಣದೊಂದು ಪ್ರವಾಸದ ಏಜೆನ್ಸಿ ನಡೆಸುವ ನನ್ನ ಕಾನ್ವೆಂಟ್ ಗೆಳತಿ ಒಂದು ಕೆಲಸ ಹಚ್ಚಿದಳು. ಹೆಂಗಸರ ಗುಂಪುಗಳನ್ನು ವಿದೇಶ ಪ್ರವಾಸಕ್ಕೆ ಕರೆದುಕೊಂಡು ಹೋಗಿ ಬರುವ ಕೆಲಸ. ಕಾಗದದ ಮೇಲೆ ಅದಕ್ಕೆ ‘ಗ್ರೂಪ್ ಎಸ್ಕಾರ್ಟ್’ ಎಂಬ ದೊಡ್ಡ ಹೆಸರು. ವಿಮಾನ ನಿಲ್ದಾಣದಲ್ಲಿ ಇಂಗ್ಲಿಷ್ ಮಾತಾಡುವುದು, ಯಾರ ಮಾತ್ರೆ ಯಾರ ಚೀಲದಲ್ಲಿದೆ ಎಂದು ನೆನಪಿಡುವುದು, ಕಿಟಕಿ ಸೀಟಿನ ಮುನಿಸು ಬಿಡಿಸುವುದು, ಇಷ್ಟೇ. ಒಂದು ಮನೆ ನಡೆಸಿದವಳಿಗೆ ಇದರಲ್ಲಿ ಕಲಿಯಬೇಕಾದದ್ದು ಹೆಚ್ಚಿರಲಿಲ್ಲ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೆಡ್‌ಕೌಂಟ್, ಅಂದರೆ ಗಾಡಿ ಹೊರಡುವ ಮುಂಚೆ ತಲೆ ಎಣಿಸುವುದು. ಇಡೀ ಗುಂಪಿಗೆ ಸೇರಿ ಟಿಕೆಟ್ಟು ಒಂದೇ ನಂಬರಿನಲ್ಲಿ ಇರುತ್ತದೆ. ಒಬ್ಬರು ತಪ್ಪಿಸಿಕೊಂಡರೆ ಅವರನ್ನು ‘ನೋ-ಶೋ’ ಎಂದು ಬರೆದು ಅವರ ವಾಪಸು ಟಿಕೆಟ್ಟನ್ನೂ ರದ್ದು ಮಾಡುತ್ತಾರೆ. ಹಾಗಾಗಿ ಎಣಿಸದೆ ವಿಧಿಯಿಲ್ಲ. ಆದರೆ ನಮ್ಮ ಕಡೆಯ ಹಿರಿಯ ಹೆಂಗಸರನ್ನು ಬೊಟ್ಟು ಮಾಡಿ ಎಣಿಸುವ ಹಾಗಿಲ್ಲ. ದೃಷ್ಟಿ ತಾಗುತ್ತದೆ, ಆಯಸ್ಸು ಕಮ್ಮಿಯಾಗುತ್ತದೆ ಎಂದು ಸೆರಗು ಎಳೆದುಕೊಂಡು ಮುಖ ತಿರುಗಿಸುತ್ತಾರೆ. ಅದಕ್ಕೇ ನಾನು ಕಾನ್ವೆಂಟಿನ ಹಾಜರಿಯ ಪದ್ಧತಿ ಹಿಡಿದೆ. “ಎಲ್ಲಾರೂ ಬಂದ್ರಾ?” ಎಂದು ಕೇಳುವುದು, ಒಬ್ಬೊಬ್ಬರೂ “ಬಂದೆ” ಎನ್ನುವುದು. ದನಿಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಹೊರಟುಬಿಡುತ್ತಿದ್ದೆ. ಈ ಪದ್ಧತಿ ಅದುವರೆಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಆ ಸಲ ಹೊರಟದ್ದು ಶ್ರೀಲಂಕಾಕ್ಕೆ. ನನ್ನನ್ನು ಬಿಟ್ಟು ಆರು ಜನ. ಅವರಲ್ಲಿ ಬೇರಿಕೆಯ ಪುಟ್ಟಮ್ಮ ಮತ್ತು ಅವರ ಸೊಸೆ ಸುಧಾ ಹಿಂದಿನ ಸಂಜೆಯೇ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಗುಲಾಬಿ ತೋಟದವರು. ಪುಟ್ಟಮ್ಮನಿಗೆ ಎಪ್ಪತ್ತರ ಆಸುಪಾಸು, ಸಣ್ಣ ಮೈಕಟ್ಟು, ಮುಳ್ಳು ತಾಗಿ ತಾಗಿ ದಪ್ಪಗಾದ ಬೆರಳ ತುದಿಗಳು. ನನ್ನನ್ನು ಬಂದ ಗಳಿಗೆಯಿಂದಲೇ “ಟೂರಮ್ಮ” ಎಂದು ಕರೆಯತೊಡಗಿದ್ದರು. ಈ ಪ್ರವಾಸಕ್ಕೆ ಅವರು ಮೊದಲು ಹೆಸರು ಕೊಟ್ಟದ್ದು ಅಕ್ಕ ಗೌರಮ್ಮನ ಜೊತೆಗೆ. ಅಕ್ಕತಂಗಿಯರನ್ನು ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಹಾಗಾಗಿ ಹುಟ್ಟಿದಾಗಿನಿಂದ ಇಬ್ಬರೂ ಒಂದೇ ಸೂರಿನಡಿ ಇದ್ದವರು. ಆಷಾಢದಲ್ಲಿ ಗೌರಮ್ಮ ತೀರಿಕೊಂಡರು. ಇನ್ನು ನಾನು ಎಲ್ಲಿಗೂ ಬರುವುದಿಲ್ಲವೆಂದು ಕೂತಿದ್ದ ಅತ್ತೆಯನ್ನು ಸುಧಾ ಹೇಗೋ ಒಪ್ಪಿಸಿ, ತಾನೇ ಜೊತೆಗೆ ಹೊರಟಿದ್ದಳು. “ಅತ್ತೆ ಮಾತು ಕಮ್ಮಿ ಮಾಡ್ಬಿಟ್ಟಿದಾರೆ ಆಂಟಿ. ಸಮುದ್ರ ನೋಡಿದ್ರೆ ಏನಾದ್ರೂ ಮಾತಾಡ್ತಾರೇನೋ” ಎಂದಿದ್ದಳು ನನ್ನ ಹತ್ತಿರ. ಮೊದಲ ದಿನದ ಕಾರ್ಯಕ್ರಮವೂ ಅದೇ ಆಗಿತ್ತು: ಮಧ್ಯಾಹ್ನ ಕೊಲಂಬೊ, ಸಂಜೆ ಕಡಲ ತೀರದಲ್ಲಿ ನಡಿಗೆ.

ವ್ಯಾನಿನ ಡ್ರೈವರ್ ಸೆಲ್ವಂ ನಮ್ಮೆಲ್ಲ ಪ್ರವಾಸಗಳಿಗೂ ಬರುವವನು. ಕೃಷ್ಣಗಿರಿಯವನು, ಮೂರು ಭಾಷೆಯನ್ನೂ ಒಂದೇ ವಾಕ್ಯದಲ್ಲಿ ಮಾತಾಡುತ್ತಾನೆ. ಉಳಿದ ನಾಲ್ವರನ್ನು ಅವರವರ ಮನೆಯಿಂದ ಹತ್ತಿಸಿಕೊಂಡು ಹೆದ್ದಾರಿಗೆ ಬರುವ ಹೊತ್ತಿಗೆ ಬೆಳಕು ಹರಿದಿರಬೇಕಿತ್ತು, ಹರಿದಿರಲಿಲ್ಲ. ಕಿಟಕಿಯ ಗಾಜಿನ ಆಚೆ ಯಾರೋ ಬಿಳಿ ಪಂಚೆ ಕಟ್ಟಿದ ಹಾಗಿತ್ತು. ಸೆಲ್ವಂ ಕತ್ತು ಹೊರಗೆ ಚಾಚಿಕೊಂಡು ಗಾಡಿ ನಡೆಸುತ್ತಿದ್ದ. ನಿವೃತ್ತ ಟೀಚರ್ ಕಮಲಾ ಮೇಡಂ, “ಯಾಕಪ್ಪಾ, ನಡ್ಕೊಂಡು ಹೋದ್ರೆ ಬೇಗ ಸೇರ್ತೀವೇನೋ ಲಂಕೆಗೆ. ರಾಮನ ಕಡೆಯೋರೂ ಹಂಗೇ ತಾನೆ ಹೋಗಿದ್ದು?” ಎಂದರು. ಎಲ್ಲರೂ ನಕ್ಕರು. ಪುಟ್ಟಮ್ಮ ನಗಲಿಲ್ಲ, ಕಿಟಕಿಯ ಬಿಳುಪನ್ನೇ ನೋಡುತ್ತಿದ್ದರು.

ಜೂಜುವಾಡಿಯ ಹತ್ತಿರ ಗೆಳತಿಯ ಫೋನು ಬಂತು. ವಿಮಾನ ಇಳಿಯಬೇಕಾದರೆ ರನ್‌ವೇ ಇಷ್ಟು ದೂರದವರೆಗಾದರೂ ಕಾಣಬೇಕೆಂಬ ನಿಯಮವಿದೆ, ಅದಕ್ಕೆ ವಿಸಿಬಿಲಿಟಿ ಎನ್ನುತ್ತಾರೆ. ಅದಿಲ್ಲದ್ದರಿಂದ ನಮ್ಮ ವಿಮಾನ ತಡ, ಎಷ್ಟು ತಡವೆಂದು ಆಮೇಲೆ ತಿಳಿಸುತ್ತೇನೆ ಎಂದಳು. ಆತುರವಿಲ್ಲವೆಂದ ಮೇಲೆ ಸೆಲ್ವಂ ಗಾಡಿಯನ್ನು ಸರ್ವಿಸ್ ರಸ್ತೆಗೆ ಇಳಿಸಿ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದ. ರಾಜ್ಯದ ಗಡಿ ಅದು, ಲಾರಿಗಳು ಸಾಲುಗಟ್ಟಿ ನಿಲ್ಲುವ ಜಾಗ. ಎಷ್ಟು ಲಾರಿಗಳಿದ್ದವೋ, ಒಂದರ ಹಿಂಭಾಗವಷ್ಟೇ ನಮಗೆ ಕಾಣುತ್ತಿತ್ತು. ಟಾರ್ಪಾಲಿನಿಂದ ನೀರು ತೊಟ್ಟಿಕ್ಕುವ ಸದ್ದು ಉದ್ದಕ್ಕೂ ಕೇಳುತ್ತಿತ್ತು, ಮಳೆಯೇ ಇಲ್ಲದೆ. ಎಲ್ಲರೂ ಇಳಿದು ಟೀ ಕುಡಿದೆವು. ಅಂಗಡಿಯವನ ಒಲೆಯ ಉರಿಯೊಂದೇ ಆ ಜಾಗದಲ್ಲಿ ಬಣ್ಣವಿದ್ದ ವಸ್ತು.

ಒಬ್ಬೊಬ್ಬರೇ ಗಾಡಿ ಹತ್ತತೊಡಗಿದರು. ನಾನು ಬಾಗಿಲ ಹತ್ತಿರ ನಿಂತು ಎಂದಿನಂತೆ, “ಎಲ್ಲಾರೂ ಬಂದ್ರಾ?” ಎಂದೆ. ಒಳಗಿನಿಂದ “ಬಂದೆ, ಬಂದೆ” ಎಂಬ ದನಿಗಳು ಬಂದವು. ನನ್ನ ಬೆನ್ನ ಹಿಂದೆ, ಮಂಜಿನೊಳಗಿಂದ, ಪುಟ್ಟಮ್ಮನ ದನಿ ಕೇಳಿತು:

“ಬತ್ತೀನಿ.”

ಸರಿ, ಬರುತ್ತಿದ್ದಾರೆ ಎಂದುಕೊಂಡೆ. ಸೊಂಟ ನೋವಿನವರು, ನಿಧಾನ. ಬಾಗಿಲು ತೆರೆದಿಟ್ಟುಕೊಂಡೇ ನಿಂತೆ. ಕಮಲಾ ಮೇಡಂ ಶೀತ ಗಾಳಿ ಒಳಗೆ ಬರುತ್ತದೆಂದು ಗೊಣಗಿದರು. ಸೆಲ್ವಂ ಇಂಜಿನ್ ಚಾಲೂ ಮಾಡಿದ. ಪುಟ್ಟಮ್ಮ ಬರಲಿಲ್ಲ.

ಸುಧಾ ಒಳಗಿನಿಂದ ಬಗ್ಗಿ ನೋಡಿದಳು. “ಆಂಟಿ, ಅತ್ತೆ ಎಲ್ಲಿ?”

“ಬರ್ತಿದಾರಮ್ಮ. ಈಗ ತಾನೆ ಬತ್ತೀನಿ ಅಂದ್ರಲ್ಲ.”

ಅವಳು ಸೀಟಿನಿಂದ ಎದ್ದು ಬಾಗಿಲಿಗೆ ಬಂದಳು. “ಬತ್ತೀನಿ ಅಂದ್ರಾ? ನಮ್ಮ ಕಡೆ ಹೊರಟು ಹೋಗೋವಾಗ ತಾನೆ ಹಂಗಂತಾರೆ?”

ನನಗೆ ಆಗ ಅರ್ಥವಾಯಿತು. ಹೋಗುತ್ತೇನೆ ಎನ್ನಬಾರದು, ಅಪಶಕುನ ಎಂದು ನಾವೆಲ್ಲ ಮನೆಯಿಂದ ಹೊರಡುವಾಗ ‘ಬರ್ತೀನಿ’ ಎಂದೇ ಹೇಳುತ್ತೇವೆ. ಬರುವವರ ಮಾತೂ ಅದೇ, ಹೋಗುವವರ ಮಾತೂ ಅದೇ. ಮುಖ ಕಾಣುವಾಗ, ಕಾಲು ಯಾವ ಕಡೆಗೆ ತಿರುಗಿದೆ ಎಂದು ಕಾಣುವಾಗ ಯಾರಿಗೂ ಗೊಂದಲವಾಗುವುದಿಲ್ಲ. ಅಂದು ನನಗೆ ಕಂಡದ್ದು ಬರೀ ಬಿಳುಪು, ಕೇಳಿದ್ದು ಬರೀ ಮಾತು.

ಆರು ಪಥದ ಹೆದ್ದಾರಿ ಅಲ್ಲಿಂದ ಹತ್ತು ಮಾರು ದೂರವೂ ಇರಲಿಲ್ಲ. ನಡುನಡುವೆ ಒಂದೊಂದು ಲಾರಿ ಹಾರನ್ ಹಾಕುತ್ತ ಹೋಗುತ್ತಿತ್ತು, ದೀಪ ಕಾಣುವ ಮೊದಲೇ ನೆಲ ನಡುಗುತ್ತಿತ್ತು. ಪುಟ್ಟಮ್ಮನ ಫೋನು ಸುಧಾಳ ಚೀಲದಲ್ಲಿತ್ತು. ಸೆಲ್ವಂ ಟಾರ್ಚ್ ಹಿಡಿದು ಅತ್ತಿಬೆಲೆಯ ಕಡೆಗೆ ಓಡಿದ. ನಾನು ಹೊಸೂರಿನ ಕಡೆಗೆ, ಲಾರಿಗಳ ಸಾಲನ್ನು ಹಿಡಿದು ಹೊರಟೆ. “ಪುಟ್ಟಮ್ಮಾ!” ಎಂದು ಕೂಗಿದಾಗ ಸುಧಾ ಹಿಂದಿನಿಂದ ನನ್ನ ತೋಳು ಹಿಡಿದುಕೊಂಡಳು. “ಹೆಸರಿಡಿದು ಕೂಗ್ಬೇಡಿ ಆಂಟಿ” ಎಂದಳು ಪಿಸುದನಿಯಲ್ಲಿ. ಕೇಳಿಸಿಕೊಳ್ಳಬಾರದ್ದು ಆ ಹೆಸರನ್ನು ಕೇಳಿಸಿಕೊಂಡೀತೆಂಬ ಹೆದರಿಕೆ ಅವಳಿಗೆ. ಗಾಡಿಯ ಹತ್ತಿರವೇ ಇರು ಎಂದೆ.

ಒದ್ದೆ ಲಾರಿಗಳನ್ನು ಕೈಯಿಂದ ಮುಟ್ಟಿಕೊಂಡು ನಡೆದೆ. ಚಕ್ರ, ಹಗ್ಗ, ಟಾರ್ಪಾಲು, ಮತ್ತೆ ಚಕ್ರ. ಒಂದರ ಮುಂದೆ ನಿಂಬೆಹಣ್ಣು ಮೆಣಸಿನಕಾಯಿಯ ಸರ ಗಾಳಿಯಿಲ್ಲದೆಯೂ ಮೆಲ್ಲಗೆ ಸುತ್ತುತ್ತಿತ್ತು. ಮುಂದೆ ಎಲ್ಲೋ ರಬ್ಬರ್ ಚಪ್ಪಲಿಯ ಸಪ್ಪಳ. ನಾನು ನಡೆದರೆ ಅದೂ ನಡೆಯುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ನನ್ನದೇ ಹೆಜ್ಜೆ ಲಾರಿಗಳಿಗೆ ಬಡಿದು ವಾಪಸು ಬರುತ್ತಿದೆ ಎಂದು ಧೈರ್ಯ ಹೇಳಿಕೊಂಡೆ. ಆಮೇಲೆ ನೆನಪಾಯಿತು, ನಾನು ಪ್ರಯಾಣಕ್ಕೆಂದು ಹಾಕಿಕೊಂಡಿದ್ದದ್ದು ಬಟ್ಟೆಯ ಶೂ.

ಆ ಸಪ್ಪಳ ಒಂದು ಕಡೆ ಪೂರ್ತಿ ನಿಂತುಹೋಯಿತು. ಲಾರಿಗಳ ಸಾಲು ಅಲ್ಲಿಗೆ ಮುಗಿದು, ಸರ್ವಿಸ್ ರಸ್ತೆ ಹೆದ್ದಾರಿಗೆ ಸೇರುವ ಬಾಯಿ ಇತ್ತು. ಅಲ್ಲಿ ಪುಟ್ಟಮ್ಮ ನಿಂತಿದ್ದರು. ಡಾಂಬರಿನ ಬಿಳಿ ಗೆರೆಯ ಮೇಲೆ ಎರಡೂ ಪಾದ ಜೋಡಿಸಿ, ಹೆದ್ದಾರಿಗೆ ಮುಖ ಮಾಡಿ, ಎಡಗೈಯನ್ನು ಸ್ವಲ್ಪ ಮುಂದೆ ಚಾಚಿಕೊಂಡು. ಜಾತ್ರೆಯಲ್ಲಿ ದೊಡ್ಡವರ ಕೈ ಹಿಡಿದುಕೊಂಡ ಮಗು ನಿಲ್ಲುವ ಹಾಗೆ.

ಕೂಗಲಿಲ್ಲ, ಕೂಗಿದರೆ ಒಂದು ಹೆಜ್ಜೆ ಮುಂದಿಟ್ಟಾರು ಎಂದು ಭಯ. ಹಿಂದಿನಿಂದ ಹೋಗಿ ಸೆರಗು ಹಿಡಿದು, ಆಮೇಲೆ ತೋಳು ಹಿಡಿದು ಎಳೆದೆ. ಅದೇ ಹೊತ್ತಿಗೆ ಒಂದು ಕಂಟೇನರ್ ಲಾರಿ ಬಿಳಿ ಗೆರೆಗೆ ತಾಗಿದಂತೆ ಹಾದುಹೋಯಿತು. ಅದರ ಗಾಳಿಗೆ ನಮ್ಮಿಬ್ಬರ ಸೆರಗುಗಳೂ ಮುಖಕ್ಕೆ ಬಡಿದವು. ಪುಟ್ಟಮ್ಮ ಬೆಚ್ಚಲಿಲ್ಲ.

“ಟೂರಮ್ಮ, ನೀನ್ಯಾಕವ್ವ ಬಂದೆ?” ಎಂದರು ಸಾವಧಾನವಾಗಿ. “ನಮ್ಮಕ್ಕ ಕರುದ್ಳು. ಪುಟ್ಟೀ ಬಾ, ಪುಟ್ಟೀ ಬಾ ಅಂತ. ಬತ್ತೀನಿ ಅಂದೆ, ಸುಮ್ಕಾಗ್ಬುಟ್ಳು. ಎಲ್ಲಿಗೋದ್ಳೋ ನೋಡ್ತಾ ನಿಂತಿವ್ನಿ.”

ಅವರ ಎರಡೂ ಕೈ ಹಿಡಿದುಕೊಂಡು ವಾಪಸು ನಡೆಸಿಕೊಂಡು ಬಂದೆ. ಬಲಗೈ ನನ್ನ ಕೈಯಂತೆಯೇ ಮರಗಟ್ಟಿತ್ತು. ಎಡಗೈ ಮಾತ್ರ ಬೆಚ್ಚಗಿತ್ತು. ಟೀ ಲೋಟ ಹಿಡಿದಿದ್ದ ಕೈ ಇರಬೇಕು ಎಂದುಕೊಂಡೆ.

ಗಾಡಿಯಲ್ಲಿ ಕೂರಿಸಿ, ಶಾಲು ಹೊದಿಸಿದ ಮೇಲೆ ಸುಧಾ ಕೇಳಿದ್ದು ಒಂದೇ ಪ್ರಶ್ನೆ. “ಎಷ್ಟು ಸಲ ಕರೆದ್ರು ಅತ್ತೆ?”

“ಮೂರು ಸಲೀನೂ ಕರುದ್ಳು. ಅದುಕ್ಕೇ ಓಗೊಟ್ಟೆ. ಒಂದ್ಸಲಕ್ಕೆಲ್ಲ ಓಗೊಡಕ್ಕೆ ನಾನೇನ್ ಮಗೀನಾ?”

ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಕರೆದರೆ ಒಂದು ಸಲಕ್ಕೆ ಓಗೊಡಬಾರದು, ಮೂರು ಸಲ ಕರೆದರೆ ಮನುಷ್ಯರೇ ಎಂದು ನಂಬಿ ಬೆಳೆದವರು ಅಲ್ಲಿದ್ದವರೆಲ್ಲ. ಗೌರಮ್ಮನೊಬ್ಬಳೇ ತನ್ನನ್ನು ‘ಪುಟ್ಟಿ’ ಎನ್ನುತ್ತಿದ್ದದ್ದು, ಮಿಕ್ಕ ಯಾರ ಬಾಯಲ್ಲೂ ಆ ಹೆಸರಿಲ್ಲ ಎಂದೂ ಪುಟ್ಟಮ್ಮ ಹೇಳಿದರು. ಸುಧಾ ಅಳತೊಡಗಿದಳು. “ಬೇಡ ಆಂಟಿ. ನಾವು ಬೇರಿಕೆಗೆ ಹೋಗ್ಬಿಡ್ತೀವಿ. ಅತ್ತೇನ ಕಳ್ಕೊಂಡು ಮನೆಗೆ ಯಾವ ಮುಖ ತಗೊಂಡೋಗ್ಲಿ?”

ಅತ್ತಿಬೆಲೆಯ ಕಡೆಯಿಂದ ವಾಪಸು ಬಂದು ಕೂತಿದ್ದ ಸೆಲ್ವಂ ಆಗ ಸ್ಟೀರಿಂಗಿನ ಮೇಲೆ ಕೈ ಬಡಿದ. “ಅಯ್ಯೋ ಪಾಟೀ, ಅಜ್ಜೀ! ಲಾರಿಕಾರ ಕ್ಲೀನರ್‌ನ ಕೂಗಿರೋದು ಅದು! ತಮಿಳಲ್ಲಿ ‘ಪೂಟ್ಟಿಟ್ಟು ವಾ’ ಅಂದ್ರೆ ಲಾಕ್ ಮಾಡ್ಕೊಂಡು ಬಾ ಅಂತ. ಟೀ ಕುಡಿಯಕ್ಕೆ ಇಳಿದಿರ್ತಾನೆ, ಡೋರ್ ಲಾಕ್ ಮಾಡಿ ಬಾರೋ ಅಂತ ಹುಡುಗನಿಗೆ ಕೂಗಿದಾನೆ. ಮಂಜು ನಡುವಿಂದು ನುಂಗ್ಬಿಡ್ತು, ನಿಮಗೆ ‘ಪುಟ್ಟಿ ಬಾ’ ಆಯ್ತು.”

ಒಂದು ಕ್ಷಣ ಎಲ್ಲರೂ ಆ ಮಾತನ್ನು ಬಾಯೊಳಗೇ ಹೇಳಿ ನೋಡಿದರು. ಪೂಟ್ಟಿಟ್ಟು ವಾ. ಪುಟ್ಟಿ, ಬಾ. ಕಮಲಾ ಮೇಡಂ ಮೊದಲು ನಕ್ಕರು, ಕೂಡಲೇ ಇಡೀ ಗಾಡಿ ನಕ್ಕಿತು. ಸುಧಾ ಕಣ್ಣೊರೆಸಿಕೊಂಡು ನಕ್ಕಳು. “ಗಂಡಸ್ರ ಗಂಟ್ಲಾಗಿರ್ಲಿಲ್ಲ ಕಣಪ್ಪ” ಎಂದರು ಪುಟ್ಟಮ್ಮ. “ಮಂಜಲ್ಲಿ ಗಂಟ್ಲು ಯಾವುದು ಅಂತ ಗೊತ್ತಾಗಲ್ಲ ಪಾಟಿ” ಎಂದ ಸೆಲ್ವಂ. ಪುಟ್ಟಮ್ಮ ಶಾಲಿನೊಳಗೆ ಎಡಗೈ ಮುಚ್ಚಿಟ್ಟುಕೊಂಡು ಕೂತಿದ್ದರು.

ಅಷ್ಟರಲ್ಲಿ ಗೆಳತಿಯ ಎರಡನೆಯ ಫೋನು. ಕೊಲಂಬೊದಿಂದ ಬರಬೇಕಿದ್ದ ವಿಮಾನ ಬೆಂಗಳೂರಿನಲ್ಲಿ ಇಳಿಯಲಾಗದೆ ಚೆನ್ನೈಗೆ ಹೋಗಿದೆ. ಇದನ್ನು ಡೈವರ್ಷನ್ ಎನ್ನುತ್ತಾರೆ. ನಮ್ಮ ಪ್ರಯಾಣ ಮರುದಿನ ಬೆಳಿಗ್ಗೆಗೆ ಹೋಯಿತು. ವಿದೇಶ ಪ್ರವಾಸದ ಮೊದಲ ದಿನವನ್ನು ನಾವು ತಮಿಳುನಾಡಿನ ಗಡಿಯನ್ನೂ ದಾಟದೆ ಮುಗಿಸಿದ್ದೆವು. ಉಳಿದವರನ್ನು ಮನೆ ಮನೆಗೆ ಬಿಟ್ಟು, ಸುಧಾ ಮತ್ತು ಪುಟ್ಟಮ್ಮನನ್ನು ಅವಲಪಲ್ಲಿಗೆ ಕರೆತಂದೆ. ಅಂಗಳದಲ್ಲಿ ನನ್ನ ಮುರಿದ ರಂಗೋಲಿ ಹಾಗೆಯೇ ಇತ್ತು. ಯಜಮಾನರು ಬಾಗಿಲು ತೆರೆದು, “ಶ್ರೀಲಂಕಾ ಹೇಗಿತ್ತು?” ಎಂದರು.

ಈ ಕೆಲಸ ನನಗೆ ಕಲಿಸಿದ ಪಾಠವನ್ನು ಇಲ್ಲಿಯೇ ಹೇಳಿಬಿಡಬೇಕು. ಅಂದಿನಿಂದ ನಾನು ದನಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಹಿಡಿದು ಹತ್ತಿಸುತ್ತೇನೆ, ದೃಷ್ಟಿಯ ಮಾತೇ ಬರುವುದಿಲ್ಲ, ಅವರಿಗೂ ಖುಷಿ. ಮಾತು ಎಷ್ಟೇ ಸ್ಪಷ್ಟವಾಗಿ ಕೇಳಿಸಿದರೂ ಅದು ಯಾರಿಗೆ ಹೇಳಿದ್ದು ಎಂಬುದು ಮಾತಿನೊಳಗೆ ಇರುವುದಿಲ್ಲ. ಪುಟ್ಟಮ್ಮನ ‘ಬತ್ತೀನಿ’ ನನಗೆ ಹೇಳಿದ್ದೆಂದು ನಾನು ತಿಳಿದೆ, ನಮ್ಮನ್ನೆಲ್ಲ ಬಿಟ್ಟು ಹೊರಟ ಮಾತೆಂದು ಸೊಸೆ ತಿಳಿದಳು. ಅವರು ಹೇಳಿದ್ದು ನಮ್ಮಿಬ್ಬರಿಗೂ ಅಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿ, ಏನೂ ಆಗಿಲ್ಲವೆಂಬಂತೆ ಬಿಸಿಲು ಬಂತು. ಸುಧಾಳಿಗೆ ಸೆಲ್ವಂನ ಮಾತು ಪೂರ್ತಿ ನಂಬಿಕೆಯಾಗಿತ್ತು. ಅತ್ತೆಗೆ ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದಳು. ನಾಳೆ ಹೊರಡುವುದೋ, ಬೇರಿಕೆಯ ಬಸ್ಸು ಹತ್ತುವುದೋ ಎಂಬುದು ಪುಟ್ಟಮ್ಮನ ಒಂದು ಮಾತಿನ ಮೇಲೆ ನಿಂತಿತ್ತು. ಊಟವಾದ ಮೇಲೆ ಗೋಡೆಗೆ ಒರಗಿ ಕೂತವರು, “ಲಾರಿಯೋನೇ ಇರ್ಬೇಕು ಬುಡು. ಸತ್ತೋರು ಯಾಕ್ ಕರೀತಾರೆ, ಅವ್ರಿಗೇನ್ ಕೆಲ್ಸ ಇಲ್ವಾ? ಹೋಗಾನ, ಸಮುದ್ರ ನೋಡಾನ” ಎಂದರು. ಸುಧಾ ಅವರ ಮಡಿಲಲ್ಲಿ ತಲೆಯಿಟ್ಟುಬಿಟ್ಟಳು. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು.

ಸಂಜೆ ಹಿತ್ತಲಿನ ಮೆಟ್ಟಿಲ ಮೇಲೆ ನಾವು ಮೂವರೂ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಪುಟ್ಟಮ್ಮನ ಬೆರಳಿಗೆ ನಮ್ಮಿಬ್ಬರ ಬೆರಳುಗಳೂ ಸಾಟಿಯಲ್ಲ. ಆಷಾಢದ ಮೇಲೆ ಮೊದಲ ಸಲ ಅತ್ತೆ ಹಾಡು ಗುನುಗುತ್ತಿದ್ದಾರೆಂದು ಸುಧಾ ನನಗೆ ಕಣ್ಣಿನಲ್ಲೇ ತೋರಿಸಿದಳು. ಕಾಂಪೌಂಡಿನ ಆಚೆ ಪಕ್ಕದ ಮನೆಯ ವಳ್ಳಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವಳ ಗಂಡನದು ಸ್ವಂತ ಲಾರಿ, ತಾನೇ ಓಡಿಸುತ್ತಾನೆ. ಪ್ರವಾಸಕ್ಕೆ ಹೋದವರು ಇಲ್ಲೇ ಇದ್ದೀರಲ್ಲ ಎಂದು ಕೇಳಿದಳು. ಬೆಳಗಿನ ಕತೆಯನ್ನೆಲ್ಲ ನಗುನಗುತ್ತಲೇ ಹೇಳಿದೆ, ‘ಪೂಟ್ಟಿಟ್ಟು ವಾ’ದವರೆಗೂ. ಸುಧಾ ಇನ್ನೊಮ್ಮೆ ನಕ್ಕಳು.

ವಳ್ಳಿಯೂ ನಕ್ಕಳು. ಕ್ಲಿಪ್ಪುಗಳನ್ನು ಒಂದೊಂದೇ ಬುಟ್ಟಿಗೆ ಹಾಕುತ್ತ, ನಮ್ಮ ಕಡೆ ತಿರುಗದೆಯೇ ಹೇಳಿದಳು:

“ಈಗೆಲ್ಲಿ ಅಕ್ಕಾ ಲಾರಿಗೆ ಕ್ಲೀನರ್ ಇದಾರೆ? ಅದೆಲ್ಲ ನಿಂತೋಗಿ ಎಷ್ಟೋ ಕಾಲ ಆಯ್ತು. ನಮ್ಮನೆಯವ್ರು ಡೆಲ್ಲಿಗೂ ಒಬ್ರೇ ಹೋಗ್ತಾರೆ, ಒಬ್ರೇ ಬರ್ತಾರೆ. ಲಾಕ್ ಮಾಡ್ಕೊಂಡು ಬಾ ಅಂತ ಕೂಗೋಕೆ ಲಾರೀಲಿ ಇನ್ನೊಬ್ರು ಇರ್ಬೇಕಲ್ವಾ... ಅಕ್ಕಾ, ಎರಡು ಕಡ್ಡಿ ಕರಿಬೇವು ಇದ್ರೆ ಕೊಡ್ತೀರಾ?”